ಶಿವಾಜಿನಗರದ ಮೇರಿಯಮ್ಮನ ಚರ್ಚ್: 1818 ಸರಿಯೋ, 1882 ಸರಿಯೋ?

ತುಮಕೂರು ಹುಡುಗಿ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಜ್ಜಿಯನ್ನು ಕರ್ಕೊಂಡು ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿದ್ದೆ. ಅಜ್ಜಿಗೆ 78. ಹಳ್ಳಿ ಬಿಟ್ಟು ಬಂದು ನನ್ನ ಜೊತೆ ಇರೋಕೆ ಶುರು ಮಾಡಿ ಮೂರು ತಿಂಗಳಾಯಿತು. ಮನೆಯಲ್ಲಿ ಕೂತು ಕೂತು ಅವರಿಗೆ ಬೇಜಾರು. ಹೂವು, ಹಣ್ಣು ನೋಡಲಿ ಅಂತ ಹೊರಟಿದ್ದು. ಅಲ್ಲಿ ಚರ್ಚಿನ ಗೋಪುರ ಕಂಡಿದ್ದೇ ತಡ, "ಒಳಗೆ ಬಿಡ್ತಾರೇನೇ?" ಅಂದರು. ಹೋದೆವು. ಯಾರೂ ಏನೂ ಕೇಳಲಿಲ್ಲ.

ಚರ್ಚಿನ ಪಕ್ಕದ ಗುಡಿಯಲ್ಲಿ ಮೇರಿಯಮ್ಮ ಸೀರೆ ಉಟ್ಟು ನಿಂತಿದ್ದಾಳೆ. ಕಂಕುಳಲ್ಲಿ ಮಗು. ಅಜ್ಜಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಕೈ ಮುಗಿದರು. ಎರಡು ಮೇಣದಬತ್ತಿ ಹಚ್ಚಿಸಿದರು. ಈಚೆ ಬಂದ ಮೇಲೆ ಕೇಳಿದ್ದು ಇದು: "ಸೀರೆ ಉಟ್ಟೋಳು ಪರದೇಶದೋಳು ಹೆಂಗಾಗ್ತಾಳೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಒಂದು ಕಡೆ ಚರ್ಚ್ ಕಟ್ಟಿದ್ದು 1818 ಅಂತ ಇದೆ. ಇನ್ನೊಂದು ಕಡೆ 1882. ಮತ್ತೊಂದು ಕಡೆ 1973. ಯಾವುದು ಸರಿ? ಒಳಗಿನ ಕಮಾನುಗಳು ತುದಿಯಲ್ಲಿ ಚೂಪಾಗಿವೆ. ನಮ್ಮ ಊರಿನ ಹಳೇ ಕಟ್ಟಡಗಳಲ್ಲಿ ದುಂಡಗೆ ಇರ್ತಾವಲ್ವಾ? ನಾನು ಕಾಮರ್ಸ್ ಓದಿದವಳು, ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ ಬಂದೆ:

ಮೂರೂ ಸರಿ. ಪೂರ್ತಿ ಗೊತ್ತಿರುವವರು ಬರಲಿ, ನಾನು ಕಾಯುತ್ತೇನೆ.

ಬ್ಲ್ಯಾಕ್‌ಪಳ್ಳಿ ಮೇಸ್ತ್ರಿ:

ಬಂದೆ. ನೋಡಮ್ಮ, ಮೊದಲೇ ಹೇಳಿಬಿಡ್ತೀನಿ, ನಾನು ಕ್ರಿಶ್ಚಿಯನ್ ಅಲ್ಲ. ಆದರೆ ಆ ಚರ್ಚಿನ ಗಂಟೆ ಕೇಳಿಕೊಂಡೇ ಬೆಳೆದವನು. ನಮ್ಮಮ್ಮ ಮಾರ್ಕೆಟ್ ಹೊರಗೆ ಹೂವು ಮಾರ್ತಿದ್ದರು. ಆಮೇಲೆ ನಾನು 34 ವರ್ಷ ಕಟ್ಟಡದ ಕೆಲಸ ಮಾಡಿಸಿದೆ, ಹೆಚ್ಚಾಗಿ ಸೆಂಟ್ರಿಂಗ್, ಅಂದರೆ ಚಾವಣಿ, ಕಮಾನು ಗಟ್ಟಿಯಾಗೋವರೆಗೂ ಕೆಳಗೆ ಆಸರೆ ಕಟ್ಟೋ ಕೆಲಸ. ಹಾಗಾಗಿ ಆ ಗೋಡೆಗಳನ್ನು ನೋಡೋ ನನ್ನ ಕಣ್ಣೇ ಬೇರೆ.

ವರ್ಷದ ಗೊಂದಲ ಯಾಕೆ ಅಂದರೆ, ಜಾಗ ಒಂದೇ, ಕಟ್ಟಡ ಬೇರೆ ಬೇರೆ. ಶಿವಾಜಿನಗರ ಅನ್ನೋ ಹೆಸರು ಆಮೇಲೆ ಬಂದದ್ದು. ಮೊದಲು ಬ್ಲ್ಯಾಕ್‌ಪಳ್ಳಿ. ಬಿಳಿ ಹಕ್ಕಿಗಳ ಹಳ್ಳಿ ಅನ್ನೋದೇ ಇಂಗ್ಲಿಷರ ಬಾಯಲ್ಲಿ ಹೀಗಾಯಿತು ಅಂತ ಹಿರಿಯರು ಹೇಳ್ತಿದ್ದರು. ಬಿಳಿ ಹೋಗಿ ಬ್ಲ್ಯಾಕ್ ಆಗಿದ್ದು ನೋಡಿ! ಅಲ್ಲಲ್ಲ, ದಂಡು, ಅಂದರೆ ಇಂಗ್ಲಿಷರ ಸೈನ್ಯದ ನೆಲೆ, ಕಟ್ಟಿಸಿದ ಬ್ಲೇಕಿಸ್ಟನ್ ಅನ್ನೋ ಇಂಜಿನಿಯರ್ ಹೆಸರಿಂದ ಬಂತು ಅನ್ನುವವರೂ ಇದ್ದಾರೆ. ನನಗೆ ಹಕ್ಕಿಯೇ ಇಷ್ಟ.

ಅಲ್ಲಿ ತಮಿಳು ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರಿದ್ದರು. ಅವರಿಗಾಗಿ 1818 ರಲ್ಲಿ ಸಣ್ಣ ಗುಡಿ ಎಬ್ಬಿಸಿದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯಿ. ಹುಲ್ಲಿನ ಚಾವಣಿ. ಹೆಸರು ಕಾಣಿಕೆ ಮಾತೆ. ಕಾಣಿಕೆ ಅನ್ನೋ ಮಾತು ತಮಿಳಿನಲ್ಲೂ ಇದೆ, ನಮ್ಮಲ್ಲೂ ಇದೆ. ನಿಮ್ಮ ಅಜ್ಜಿಗೆ ಈ ಹೆಸರು ಹೇಳಿ, ಬೇರೆ ವಿವರಣೆ ಬೇಕಾಗಲ್ಲ.

ಈ ದುಬೊಯಿ ಸಾಮಾನ್ಯ ಮನುಷ್ಯ ಅಲ್ಲ. 1792 ರಲ್ಲಿ ಇಂಡಿಯಾಕ್ಕೆ ಬಂದವರು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕಡೆ ಬಂದು ಕೆಲಸ ಶುರು ಮಾಡಿದರು. ನಮ್ಮ ಜನರ ಥರಾನೇ ಬಟ್ಟೆ ಹಾಕಿಕೊಳ್ತಿದ್ದರು, ಮಾಂಸ ಬಿಟ್ಟಿದ್ದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೀತಿದ್ದರು. ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದವರು ಅವರು. ಅದೂ 1803-04 ರ ಸುಮಾರಿಗೆ! ಇಂಗ್ಲೆಂಡಿನಲ್ಲಿ ಆ ಲಸಿಕೆ ಶುರುವಾಗಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. 1823 ರಲ್ಲಿ ವಾಪಸ್ ಫ್ರಾನ್ಸಿಗೆ ಹೋದರು.

1832 ರ ಹೊತ್ತಿಗೆ ಫಾದರ್ ಬಿಗೋ ಅನ್ನುವವರು ಗುಡಿಯನ್ನು ದೊಡ್ಡದು ಮಾಡೋಕೆ ಹೊರಟರು. ಊರಲ್ಲಿ ಗಲಾಟೆ ಎದ್ದು ಕಟ್ಟಡಕ್ಕೆ ಪೆಟ್ಟು ಬಿತ್ತು. ಸಿಪಾಯಿಗಳನ್ನು ಕಾವಲು ಹಾಕಬೇಕಾಯಿತು. ಜನ ಬೆಳೆಯುತ್ತಾ ಹೋದರು, ಗುಡಿ ಸಾಲದೆ ಬಂತು.

ಈಗ ನೀವು ನೋಡಿದ ಕಟ್ಟಡ ಫಾದರ್ ಕ್ಲೈನರ್ ಅವರದು. 1875 ರಲ್ಲಿ ಕೆಲಸ ಶುರು, 1882 ಸೆಪ್ಟೆಂಬರ್ 8 ಕ್ಕೆ ಪ್ರತಿಷ್ಠೆ. ಏಳು ವರ್ಷ. ಸೆಪ್ಟೆಂಬರ್ 8 ಅಂದರೆ ಮೇರಿಯಮ್ಮ ಹುಟ್ಟಿದ ಹಬ್ಬ, ಅದಕ್ಕೇ ಆ ದಿನ. ಈ ಕ್ಲೈನರ್ ಆಮೇಲೆ ಮೈಸೂರಿನ ಬಿಷಪ್ ಕೂಡ ಆದರು.

ಗೋಪುರ 160 ಅಡಿ. ಒಂದು ಮಹಡಿಗೆ ಹತ್ತು ಅಡಿ ಹಿಡಿದರೂ ಹದಿನಾರು ಮಹಡಿ. ಆ ಕಾಲದಲ್ಲಿ ಬೆಂಗಳೂರಲ್ಲಿ ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್, ಎಲ್ಲಿತ್ತು? ಎಲ್ಲಾ ಗಾರೆ ಕೆಲಸ. ಕ್ರೇನ್ ಇಲ್ಲ, ಸಾರುವೆ ಕಟ್ಟಿಕೊಂಡು ತಲೆ ಮೇಲೆ ಹೊತ್ತು ಏರಿಸಬೇಕು. ನಾನು ನಾಲ್ಕನೇ ಮಹಡಿಯ ಸಾರುವೆ ಮೇಲೆ ನಿಂತಾಗಲೇ ಮೊಣಕಾಲು ನಡುಗ್ತಿತ್ತು.

1973 ರದ್ದು ಕಟ್ಟಡದ ವರ್ಷ ಅಲ್ಲ, ಪದವಿಯ ವರ್ಷ. ಅದನ್ನು ಚರ್ಚಿನವರೇ ಯಾರಾದರೂ ಹೇಳಲಿ.

ತುಮಕೂರು ಹುಡುಗಿ:

ಅಬ್ಬಾ, ಥ್ಯಾಂಕ್ಸ್ ಅಂಕಲ್! ಕಾಣಿಕೆ ಮಾತೆ ಅಂದಿದ್ದಕ್ಕೆ ಅಜ್ಜಿ, "ಮತ್ತೆ ನಾನು ಹುಂಡಿಗೆ ಏನೂ ಹಾಕದೆ ಬಂದ್ನಲ್ಲೇ" ಅಂತ ನನ್ನನ್ನೇ ಬೈದರು. ಕಮಾನಿನ ಬಗ್ಗೆ ಹೇಳಲೇ ಇಲ್ಲ ನೀವು.

ಬ್ಲ್ಯಾಕ್‌ಪಳ್ಳಿ ಮೇಸ್ತ್ರಿ:

ಅದು ನನ್ನ ಇಷ್ಟದ ವಿಷಯ, ಅದಕ್ಕೇ ಕೊನೆಗೆ ಇಟ್ಟುಕೊಂಡೆ.

ಗೋಡೆಗೆ ಒರಗಿಸಿದ ಏಣಿ ನೆನಪಿಸಿಕೊಳ್ಳಿ. ಬುಡವನ್ನು ಗೋಡೆಯಿಂದ ತುಂಬಾ ದೂರ ಇಟ್ಟು ಮಲಗಿಸಿದ ಹಾಗೆ ಒರಗಿಸಿದರೆ ಏನಾಗುತ್ತೆ? ಹತ್ತಿದ ತಕ್ಷಣ ಬುಡ ಜಾರುತ್ತೆ. ಅದೇ ನೆಟ್ಟಗೆ ನಿಲ್ಲಿಸಿದರೆ ಭಾರ ನೆಲಕ್ಕೆ ಇಳಿಯುತ್ತೆ, ಬುಡ ಜಾರೋದು ಕಡಿಮೆ. ಕಮಾನು ಅಂದರೆ ಎದುರುಬದುರು ಒರಗಿಸಿದ ಎರಡು ಏಣಿ ಅಂದುಕೊಳ್ಳಿ. ದುಂಡು ಕಮಾನು ಮಲಗಿದ ಏಣಿ, ಕಾಲನ್ನು ಹೊರಗೆ ತಳ್ಳುತ್ತೆ. ತಳ್ಳೋದನ್ನು ತಡೆಯೋಕೆ ಗೋಡೆ ದಪ್ಪ ಇರಬೇಕು. ಗೋಡೆ ದಪ್ಪ ಆದರೆ ಕಿಟಕಿ ಚಿಕ್ಕದು, ಒಳಗೆ ಕತ್ತಲೆ. ಚೂಪು ಕಮಾನು ನೆಟ್ಟಗಿನ ಏಣಿ. ನಾವು ಕೈ ಮುಗಿದಾಗ ಬೆರಳ ತುದಿ ಸೇರುತ್ತಲ್ಲ, ಹಾಗೆ. ಹೊರಗೆ ತಳ್ಳೋದು ಕಡಿಮೆ. ಉಳಿದ ತಳ್ಳುವಿಕೆಗೆ ಹೊರಗಿನಿಂದ ಗೋಡೆಗೆ ಆನಿಸಿ ಅಲ್ಲಲ್ಲಿ ದಪ್ಪ ಕಂಬ ಕೊಡ್ತಾರೆ. ಕಂಬ ಕಂಬದ ಮಧ್ಯೆ ಗೋಡೆಗೆ ಜಾಸ್ತಿ ಕೆಲಸ ಇಲ್ಲ. ಅಲ್ಲಿ ದೊಡ್ಡ ಕಿಟಕಿ ಇಟ್ಟು ಬಣ್ಣದ ಗಾಜು ಕೂರಿಸಬಹುದು. ಚೂಪು ಕಮಾನು ಅಂದಕ್ಕಷ್ಟೇ ಅಲ್ಲ, ಬೆಳಕಿಗೂ ಹೌದು.

ಇನ್ನೊಂದು ಲಾಭ ನಮ್ಮಂಥ ಸೆಂಟ್ರಿಂಗ್‌ನವರಿಗೇ ಗೊತ್ತಾಗೋದು. ಅರ್ಧ ವೃತ್ತದ ಕಮಾನಿಗೆ ಅಗಲ 10 ಅಡಿ ಅಂದರೆ ಎತ್ತರ 5 ಅಡಿ, ಮುಗೀತು, ಬದಲಾಯಿಸೋಕೆ ಆಗಲ್ಲ. ಚೂಪು ಕಮಾನಿಗೆ ಆ ಹಠ ಇಲ್ಲ. ಅಗಲ ಹತ್ತಿರಲಿ, ಹದಿನೈದಿರಲಿ, ತುದಿಯನ್ನು ಒಂದೇ ಎತ್ತರಕ್ಕೆ ತರಬಹುದು. ಒಳಗೆ ನಿಂತು ಮೇಲೆ ನೋಡುವಾಗ ಇದನ್ನು ನೆನೆಸಿಕೊಳ್ಳಿ.

ಯೂರೋಪಿನವರು ಇದಕ್ಕೆ ಗೋಥಿಕ್ ಅಂತಾರೆ. ಅಲ್ಲಿ 12ನೇ ಶತಮಾನದಲ್ಲೇ ಶುರುವಾದದ್ದು. ನಮ್ಮದು 19ನೇ ಶತಮಾನದಲ್ಲಿ ಹಳೇದನ್ನು ನೋಡಿ ಮತ್ತೆ ಮಾಡಿದ್ದು.

ಬಣ್ಣದ ಗಾಜಿಗೂ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅವನ್ನು ಬಿಚ್ಚಿ ಎತ್ತಿಟ್ಟಿದ್ದರು. ಮತ್ತೆ ಕೂರಿಸಿದ್ದು 1947 ರಲ್ಲಿ. ನಾನೊಮ್ಮೆ ಒಂದು ಹಳೇ ಬಂಗಲೆಯ ಒಂದೇ ಒಂದು ಬಣ್ಣದ ಗಾಜು ಬಿಚ್ಚಿಸೋಕೆ ಹೋಗಿ ಎರಡು ಚೂರು ಒಡೆದು, ಮಾಲೀಕರ ಹತ್ತಿರ ಉಗಿಸಿಕೊಂಡಿದ್ದೇನೆ. ಇಡೀ ಚರ್ಚಿನದು ಬಿಚ್ಚಿ ಮತ್ತೆ ಜೋಡಿಸಿದವರಿಗೆ ಕೈ ಮುಗಿಯಬೇಕು.

ಮೈಸೂರಿನವ:

ಎಲ್ಲಾ ಸರಿ, ಆದರೆ ನಮ್ಮ ಸಂತ ಫಿಲೋಮಿನಾ ಚರ್ಚಿಗೆ ಎರಡು ಗೋಪುರ, 175 ಅಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1933 ರಲ್ಲಿ ಅಡಿಗಲ್ಲು ಹಾಕಿದ್ದು. ಜರ್ಮನಿಯ ಕೊಲೋನ್ ಚರ್ಚ್ ನೋಡಿ ಮಾಡಿದ ನಕ್ಷೆ. ನೆಲಮಾಳಿಗೆಯಲ್ಲಿ ಮಲಗಿರುವ ಫಿಲೋಮಿನಾ ಮೂರ್ತಿಯೂ ಇದೆ. ಅಜ್ಜಿಯನ್ನು ಇಲ್ಲಿಗೂ ಕರ್ಕೊಂಡು ಬನ್ನಿ.

ಬ್ಲ್ಯಾಕ್‌ಪಳ್ಳಿ ಮೇಸ್ತ್ರಿ:

ಗೊತ್ತಪ್ಪ ಗೊತ್ತು. ನಿಮ್ಮದಕ್ಕೆ ಅಡಿಗಲ್ಲು ಬಿದ್ದಾಗ ನಮ್ಮದಕ್ಕೆ ಐವತ್ತು ದಾಟಿತ್ತು. 15 ಅಡಿ ಜಾಸ್ತಿ ಇದೆ ಅಂತ ಇಷ್ಟು ಮೆರೀಬೇಡಿ.

ಫ್ರೇಜರ್ ಟೌನ್ ಟೀಚರ್:

ನಾನು ಆ ಚರ್ಚಿಗೆ ಚಿಕ್ಕಂದಿನಿಂದ ಹೋಗುವವಳು. 1973 ರ ವಿಷಯ ಹೇಳುತ್ತೇನೆ. ಆ ವರ್ಷ ಪೋಪ್ ಇದಕ್ಕೆ ಬೆಸಿಲಿಕಾ ಅನ್ನುವ ಗೌರವ ಕೊಟ್ಟರು. ಕರ್ನಾಟಕದಲ್ಲಿ ಇದೇ ಮೊದಲು. ಎರಡನೆಯದಕ್ಕೆ 2016 ರವರೆಗೆ ಕಾಯಬೇಕಾಯಿತು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಚರ್ಚ್. ಬೆಸಿಲಿಕಾ ಅಂದರೆ ಗುರುತಿಗೆ ಅರ್ಧ ಬಿಚ್ಚಿದ ಕೆಂಪು ಹಳದಿ ರೇಷ್ಮೆ ಕೊಡೆ, ಕೋಲಿಗೆ ಕಟ್ಟಿದ ಸಣ್ಣ ಗಂಟೆ. ನಮ್ಮ ದೇವರ ಮೆರವಣಿಗೆಗಳಲ್ಲಿ ಸತ್ತಿಗೆ ಹಿಡಿಯುತ್ತಾರಲ್ಲ, ಅದೇ ಮನಸ್ಸು ಅನಿಸುತ್ತದೆ ನನಗೆ. ಆದರೆ ಆರ್ಚ್‌ಬಿಷಪ್ಪರ ಪೀಠ ಇರುವುದು ಇಲ್ಲಲ್ಲ. ಅದು ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕೆಥೆಡ್ರಲ್‌ನಲ್ಲಿ. ತುಂಬಾ ಜನ ಎರಡನ್ನೂ ಕಲಸಿಬಿಡುತ್ತಾರೆ.

ಇನ್ನು ಸೀರೆ. ಅಜ್ಜಿಯ ಪ್ರಶ್ನೆ ಚೆನ್ನಾಗಿದೆ. ಮೂರ್ತಿಗೆ ದಿನವೂ ಸೀರೆ ಉಡಿಸುತ್ತಾರೆ, ಹರಕೆ ಹೊತ್ತವರು ಸೀರೆ ತಂದು ಕೊಡುತ್ತಾರೆ. ಕೊಡುವವರಲ್ಲಿ ಎಲ್ಲಾ ಜಾತಿ ಮತದವರೂ ಇದ್ದಾರೆ. 1898 ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತಲ್ಲ, ಜನ ಸೊಳ್ಳೆಗಳ ಥರ ಸತ್ತರು. ಆಗ ಈ ತಾಯಿಯ ಮೊರೆ ಹೋದವರು ಬಹಳ. ಆರೋಗ್ಯ ಮಾತೆ ಅನ್ನುವ ಹೆಸರು ನೆಲೆಯಾದದ್ದು ಹಾಗೆ. ಅದೇ ಹೊತ್ತಿಗೆ ಊರಿನ ಬೇರೆ ಕಡೆ ಪ್ಲೇಗಮ್ಮನ ಗುಡಿಗಳೂ ಎದ್ದವು. ಒಂದೇ ಭಯ, ಹೆಣ್ಣುಮಕ್ಕಳು ಹೋಗಿ ನಿಂತದ್ದು ಬೇರೆ ಬೇರೆ ಅಮ್ಮಂದಿರ ಮುಂದೆ. ನಮ್ಮ ಪಕ್ಕದ ಮನೆಯ ಅಜ್ಜಿ ಮಾರಿಯಮ್ಮ, ಮೇರಿಯಮ್ಮ ಎರಡನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ನಾನು ತಿದ್ದಲು ಹೋದರೆ, "ಅವರಿಬ್ಬರೂ ಮಾತಾಡ್ಕೋತಾರೆ, ನೀನು ಸುಮ್ಕಿರು" ಅನ್ನುತ್ತಿದ್ದರು.

ಬ್ಲ್ಯಾಕ್‌ಪಳ್ಳಿ ಮೇಸ್ತ್ರಿ:

ಟೀಚರ್ ಹೇಳಿದ್ದು ನಿಜ. ನನಗೆ ಏಳು ವರ್ಷ ಇದ್ದಾಗ ಟೈಫಾಯ್ಡ್ ಆಗಿತ್ತು. ಅಮ್ಮ ಮಾರ್ಕೆಟ್‌ನಲ್ಲಿ ಮಿಕ್ಕ ಹೂವನ್ನೆಲ್ಲ ಕಟ್ಟಿ, ಒಂಬತ್ತು ಸಂಜೆ ಅಲ್ಲಿಗೆ ಒಯ್ದು ಕೊಟ್ಟರಂತೆ. ಜೊತೆಗೆ ನಮ್ಮ ಬೀದಿಯ ಮುತ್ಯಾಲಮ್ಮನಿಗೂ ಹರಕೆ. ಡಾಕ್ಟರ್ ಮಾತ್ರೆಯೂ ಇತ್ತು. ಯಾರಿಂದ ವಾಸಿ ಆಯಿತು ಅಂತ ಅಮ್ಮ ಲೆಕ್ಕ ಹಾಕಲಿಲ್ಲ, ಮೂವರಿಗೂ ಹಣ್ಣು ಕಳಿಸಿದರು.

ತುಮಕೂರು ಹುಡುಗಿ:

ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಏಣಿ ವಿಷಯ ತಕ್ಷಣ ಅರ್ಥ ಆಯಿತು, ತೆಂಗಿನ ತೋಟದವರು ಅಲ್ವಾ. ದೊಡ್ಡ ಸ್ವಾಮಿಯವರು ಮಾಂಸ ತಿನ್ನುತ್ತಿರಲಿಲ್ಲ ಅಂದಿದ್ದು ಅವರಿಗೆ ಭಾರೀ ಹಿಡಿಸಿತು. ಈಗ ಸೆಪ್ಟೆಂಬರ್ 8 ಕ್ಕೆ ಒಂದು ಸೀರೆ ಕೊಡಬೇಕು ಅಂತ ಕೂತಿದ್ದಾರೆ. ಪೆಟ್ಟಿಗೆಯಲ್ಲಿ ಉಡದೆ ಇಟ್ಟ ಒಂದು ಹಸಿರು ಮೊಳಕಾಲ್ಮೂರು ಸೀರೆ ಇದೆ. ಹಸಿರು ಆಗುತ್ತಾ? ಯಾವಾಗ ಬಂದರೆ ಒಳ್ಳೇದು?

ಫ್ರೇಜರ್ ಟೌನ್ ಟೀಚರ್:

ಧಾರಾಳವಾಗಿ ತನ್ನಿ. ಆ ದಿನಗಳಲ್ಲಿ ಕಾವಿ ಸೀರೆ ಉಟ್ಟು ಬರುವ ಭಕ್ತರನ್ನು ನೋಡುತ್ತೀರಿ, ಅದು ಹರಕೆ ಹೊತ್ತವರ ಬಣ್ಣ. ಆಗಸ್ಟ್ 29 ಕ್ಕೆ ಬಾವುಟ ಏರುತ್ತದೆ. ಅಲ್ಲಿಂದ ಪೂಜೆ ದಿನಾ ಇರುತ್ತದೆ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ.

ಬ್ಲ್ಯಾಕ್‌ಪಳ್ಳಿ ಮೇಸ್ತ್ರಿ:

ಆದರೆ 8 ನೇ ತಾರೀಕೇ ಬೇಡಮ್ಮ, ವಯಸ್ಸಾದವರು. ಸಂಜೆ ತೇರು ಹೊರಡೋ ಹೊತ್ತಿಗೆ ಕಾಲಿಡೋಕೆ ಜಾಗ ಇರಲ್ಲ. ಒಂದೆರಡು ದಿನ ಮುಂಚೆ ಬೆಳಗ್ಗೆ ಏಳು ಗಂಟೆಗೆ ಬನ್ನಿ. ಕಾರು ತರಬೇಡಿ, ನಿಲ್ಲಿಸೋಕೆ ಜಾಗ ಸಿಗಲ್ಲ. ಬಸ್ ಸ್ಟ್ಯಾಂಡ್‌ನಿಂದ ನಡೆಯೋ ದೂರ. ಮಲ್ಲಿಗೆ ಅಲ್ಲೇ ಮಾರ್ಕೆಟ್‌ನಲ್ಲಿ ತಗೊಳ್ಳಿ, ಚರ್ಚಿನ ಬಾಗಿಲಲ್ಲಿ ಮೊಳಕ್ಕೆ ಜಾಸ್ತಿ ಹೇಳ್ತಾರೆ.