ನೆಚ್ಚಿನ ಆಟಗಾರ ಹೋದ, ತಂಡ ಉಳೀತು. ದೂರದ ಅಭಿಮಾನಿ ಯಾರ ಹಿಂದೆ ಹೋಗಬೇಕು?

ನೇರಳೆದೀಪ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ಸ್ವಲ್ಪ ಸಹಿಸಿಕೊಳ್ಳಿ.

ನಾನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್‌ನ ಅಭಿಮಾನಿ. ಆ ಊರನ್ನು ನೋಡಿಲ್ಲ. ಅಲ್ಲಿ ಗುರುತಿನವರು ಒಬ್ಬರೂ ಇಲ್ಲ. ಬ್ಯಾಸ್ಕೆಟ್‌ಬಾಲ್ ಆಡಿದವಳೂ ಅಲ್ಲ. 2023ರ ಫೆಬ್ರವರಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದೆ. ಫೋನಿನಲ್ಲಿ ಸುಮ್ನೆ ಏನೋ ತಿರುವಿ ಹಾಕುವಾಗ ಒಂದು ಆಟ ಸಿಕ್ಕಿತು. ಕಿಂಗ್ಸ್ ಮತ್ತು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್. 48 ನಿಮಿಷ ಮುಗಿದಾಗ ಸಮ. ಐದು ನಿಮಿಷದ ಓವರ್‌ಟೈಮ್ ಕೊಟ್ಟರು, ಅದೂ ಸಮ. ಇನ್ನೊಂದು ಓವರ್‌ಟೈಮ್. ಕೊನೆಗೆ ಕಿಂಗ್ಸ್ 176, ಕ್ಲಿಪ್ಪರ್ಸ್ 175. ಎನ್‌ಬಿಎ (ಇವರೆಲ್ಲ ಆಡುವ ಲೀಗ್) ಇತಿಹಾಸದಲ್ಲಿ ಇದಕ್ಕಿಂತ ಜಾಸ್ತಿ ಪಾಯಿಂಟ್ ಬಂದ ಆಟ ಒಂದೇ ಒಂದಂತೆ, ಅದು 1983ರದ್ದು. ನನಗೇನು ಗೊತ್ತು? ದಿನಾ ಹೀಗೇ ಆಡ್ತಾರೆ ಅಂದುಕೊಂಡೆ.

ಅವತ್ತು ಮಲಿಕ್ ಮಂಕ್ 45 ಪಾಯಿಂಟ್ ಹೊಡೆದ. ಆದರೆ ನನ್ನ ಕಣ್ಣು ನೆಟ್ಟಿದ್ದು ಡಿಆರನ್ ಫಾಕ್ಸ್ ಮೇಲೆ. ಎಡಗೈ ಆಟಗಾರ. 42 ಪಾಯಿಂಟ್. ಚೆಂಡು ಹಿಡಿದು ಹೊರಟ ಅಂದರೆ ಮೂರು ಜನರ ನಡುವೆ ಸಂದಿಯೇ ಇಲ್ಲದ ಕಡೆ ನುಸುಳಿ ಆಚೆ ಬಂದಿರುತ್ತಿದ್ದ. ಎದುರಿಗಿದ್ದವರು ಇನ್ನೂ ಅವನಿದ್ದ ಜಾಗವನ್ನೇ ನೋಡುತ್ತಿರುತ್ತಿದ್ದರು.

ಆಟ ನಡೆದಿದ್ದು ಲಾಸ್ ಏಂಜಲಿಸ್‌ನಲ್ಲಿ. ಗೆದ್ದ ಮೇಲೆ ಮಾತ್ರ ಸ್ಯಾಕ್ರಮೆಂಟೊದ ಅರೀನಾ ಚಾವಣಿಯಿಂದ ನೇರಳೆ ಲೇಸರ್ ಬೆಳಕು ನೆಟ್ಟಗೆ ಆಕಾಶಕ್ಕೆ ಹೋಯಿತು. ಆ ಸೀಸನ್‌ನಲ್ಲೇ ಶುರು ಮಾಡಿದ ಪದ್ಧತಿ ಅದು, ಗೆದ್ದಾಗೆಲ್ಲ ಬೆಳಕು ಬಿಡುವುದು. ಆಟಗಾರರೇ ಊರಲ್ಲಿಲ್ಲ, ದೀಪ ಮಾತ್ರ ಉರಿಯುತ್ತಿದೆ. ಅದನ್ನು ನೋಡಿ ನಾನು ಹಾಸಿಗೆಯಲ್ಲಿ ಕೂತು ಚಪ್ಪಾಳೆ ಹೊಡೆದೆ. ಪ್ಲಾಸ್ಟರ್ ಕಾಲು ನೆನಪೇ ಇರಲಿಲ್ಲ.

ಆಮೇಲೆ ತಿಳಿದದ್ದು, ಈ ತಂಡ 2006ರ ನಂತರ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಸತತ 16 ಸೀಸನ್. ನಾನು ಸೇರಿದ ವರ್ಷವೇ ಬರ ಮುಗೀತು! ಮೊದಲ ಸುತ್ತಿನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಏಳು ಆಟದ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಮೊದಲೆರಡು ಆಟ ಗೆದ್ದೆವು. (ನೋಡಿ, ಆಗಲೇ 'ಗೆದ್ದೆವು'.) ನಾಲ್ಕನೇ ಆಟ 126-125ರಲ್ಲಿ ಕೈತಪ್ಪಿತು. ಹ್ಯಾರಿಸನ್ ಬಾರ್ನ್ಸ್ ಎಸೆದ ಕೊನೆಯ ಶಾಟ್ ಬುಟ್ಟಿಯ ಬಳೆಗೆ ಬಡಿದು ಆಚೆ ಬಿತ್ತು. ಫಾಕ್ಸ್‌ನ ಎಡಗೈ ಬೆರಳು ಮುರಿದಿತ್ತು. ಅದರಲ್ಲೇ ಐದನೇ ಆಟ ಆಡಿದ. ಏಳನೇ ಆಟದಲ್ಲಿ ಸ್ಟೆಫ್ ಕರಿ 50 ಹೊಡೆದು ಮನೆಗೆ ಕಳಿಸಿದ. ಅವತ್ತಿಡೀ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕಾರಣ ಹೇಳೋಕೂ ನಾಚಿಕೆ.

ಆಮೇಲಿಂದ ಬದುಕು ಅವರ ಗಡಿಯಾರಕ್ಕೆ ಕಟ್ಟಿಹಾಕಿಕೊಂಡಿದೆ. ಅವರ ಊರಲ್ಲಿ ರಾತ್ರಿ ಆಟ ಅಂದರೆ ನನಗೆ ಕೆಲಸದ ಹೊತ್ತು. ಹಾಗಾಗಿ ಆಟ ತೋರಿಸುವ ಲೀಗ್ ಪಾಸ್ ಆ್ಯಪ್‌ನಲ್ಲಿ ಸ್ಕೋರ್ ಕಾಣದ ಹಾಗೆ ಮಾಡಿಟ್ಟು ಸಂಜೆ ನೋಡುತ್ತೇನೆ. ಅಲ್ಲೀತನಕ ಫೋನನ್ನು ಅನುಮಾನದಿಂದಲೇ ಮುಟ್ಟುವುದು. ತಂಡ ಪೂರ್ವದ ಊರುಗಳಿಗೆ ಆಡಲು ಹೋದರೆ ಆಟ ಮೂರು ಗಂಟೆ ಮುಂಚೆ ಶುರು. ಆಗ ಅಲಾರಂ ಇಟ್ಟು ಏಳುತ್ತೇನೆ. ಆ ಅಲಾರಂಗೆ 'ಫಾಕ್ಸ್' ಅಂತ ಹೆಸರಿಟ್ಟಿದ್ದೆ.

2024ರ ಡಿಸೆಂಬರ್‌ನಲ್ಲಿ ಕೋಚ್ ಮೈಕ್ ಬ್ರೌನ್‌ನನ್ನು ತೆಗೆದರು. 2025ರ ಫೆಬ್ರವರಿಯಲ್ಲಿ ಫಾಕ್ಸ್‌ನನ್ನೇ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಕೊಟ್ಟುಬಿಟ್ಟರು. ಅದರ ಹಿಂದಿನ ರಾತ್ರಿಯಷ್ಟೇ ಲೀಗ್‌ನ ದೊಡ್ಡ ತಾರೆ ಲೂಕಾ ಡಾನ್ಸಿಚ್‌ನನ್ನೂ ಅವನ ತಂಡ ಬೇರೆ ತಂಡಕ್ಕೆ ಕೊಟ್ಟು ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ನನ್ನ ದುಃಖವನ್ನು ಕೇಳುವವರೇ ಇರಲಿಲ್ಲ.

ಈಗ ಪ್ರಶ್ನೆ. ಆ ಊರಲ್ಲಿ ಹುಟ್ಟಿದವರಿಗೆ ಈ ಗೊಂದಲ ಇರಲ್ಲ. ಊರು ಅಲ್ಲೇ ಇರುತ್ತೆ, ತಂಡವೂ ಅಲ್ಲೇ. ನನಗೆ ಊರೂ ಇಲ್ಲ. ನಾನು ಬಂದಿದ್ದೇ ಒಬ್ಬ ಆಟಗಾರನಿಂದ. ಈಗ ಕಿಂಗ್ಸ್ ಜೊತೆ ಇರಬೇಕಾ, ಫಾಕ್ಸ್ ಹಿಂದೆ ಸ್ಯಾನ್ ಆಂಟೋನಿಯೊಗೆ ಹೋಗಬೇಕಾ? ಹೀಗೆ ಆದವರು ಏನು ಮಾಡಿದಿರಿ?

ಬೆನ್ನುಬಿದ್ದವ:

ಹೋಗಿ. ನಾನು ಹೋಗಿದ್ದೇನೆ, ಅದೂ ನಿಮ್ಮ ತಂಡದಿಂದಲೇ.

2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಕಿಂಗ್ಸ್ 12ನೇ ಆಯ್ಕೆಯಾಗಿ ಟೈರೀಸ್ ಹ್ಯಾಲಿಬರ್ಟನ್‌ನನ್ನು ತೆಗೆದುಕೊಂಡಾಗ ನಾನು ಸೇರಿದ್ದು. ಅವನ ಶಾಟ್ ನೋಡಿದ್ದೀರಲ್ಲ, ಎದೆಯಿಂದ ತಳ್ಳಿದ ಹಾಗೆ, ಕಲಿಯುವ ಮಕ್ಕಳು ಎಸೆದ ಹಾಗೆ. ಆದರೂ ಒಳಗೆ ಬೀಳುತ್ತೆ. ಆ ಒಂದು ವಕ್ರತನಕ್ಕೇ ನಾನು ಬಿದ್ದೆ. 2022ರ ಫೆಬ್ರವರಿಯಲ್ಲಿ ಅವನನ್ನು ಇಂಡಿಯಾನಾ ಪೇಸರ್ಸ್‌ಗೆ ಕೊಟ್ಟು ಸಬೋನಿಸ್‌ನನ್ನು ತಂದರು. ಅಂದರೆ ನಿಮ್ಮ 2023ರ ಹಬ್ಬಕ್ಕೆ ದುಡ್ಡು ಹೋಗಿದ್ದು ನನ್ನ ಜೇಬಿನಿಂದ!

ಮೂರು ವಾರ ಅವನಿಲ್ಲದ ಕಿಂಗ್ಸ್ ನೋಡಿದೆ. ಆಮೇಲೆ ಬಿಟ್ಟೆ. ಬಿಟ್ಟಿದ್ದಕ್ಕೆ 2025ರ ಫೈನಲ್ ಸಿಕ್ಕಿತು. ಒಕ್ಲಹೋಮಾ ಸಿಟಿ ವಿರುದ್ಧ ಮೊದಲ ಆಟದಲ್ಲಿ 0.3 ಸೆಕೆಂಡ್ ಉಳಿದಿದ್ದಾಗ ಹ್ಯಾಲಿಬರ್ಟನ್ ಹೊಡೆದ ಶಾಟ್‌ಗಾಗಿಯೇ ಇನ್ನೊಂದು ಸಲ ತಂಡ ಬದಲಾಯಿಸು ಅಂದರೂ ಬದಲಾಯಿಸುತ್ತೇನೆ. ಅಭಿಮಾನ ಮನುಷ್ಯರ ಮೇಲೆ ಇರಬೇಕು. ಜೆರ್ಸಿ ಬರೀ ಬಟ್ಟೆ.

ಐದು_ಉಂಗುರ:

ಸ್ಪರ್ಸ್ ಮನೆಯಿಂದ ಹೇಳುತ್ತಿದ್ದೇನೆ. ಬನ್ನಿ, ಜಾಗ ಇದೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಅಷ್ಟೇ.

ನಮಗೆ ಟಿಮ್ ಡಂಕನ್ ಕೆಟ್ಟ ಅಭ್ಯಾಸ ಮಾಡಿಸಿಬಿಟ್ಟಿದ್ದ. 19 ಸೀಸನ್, ಐದು ಚಾಂಪಿಯನ್‌ಶಿಪ್, ಒಂದೇ ತಂಡ. ಆಟಗಾರರು ಬಿಟ್ಟು ಹೋಗುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. 2018ರಲ್ಲಿ ಕವಾಯ್ ಲೆನರ್ಡ್ ಟೊರಾಂಟೊಗೆ ಹೋದ. ಮರುವರ್ಷವೇ ಅವರಿಗೆ ಕಪ್ ಗೆದ್ದುಕೊಟ್ಟ. ಆ ಫೈನಲ್ ನಾನು ನೋಡಲಿಲ್ಲ. ಈವತ್ತಿಗೂ ನೋಡಿಲ್ಲ. ಹಾಗಾಗಿ ಬೆನ್ನುಬಿದ್ದವರ ಮಾತು ನನಗೆ ದಕ್ಕಲ್ಲ.

ನಿಮಗೆ ಒಂದು ಪರೀಕ್ಷೆ. ಫಾಕ್ಸ್ ಸ್ಪರ್ಸ್ ಜೆರ್ಸಿಯಲ್ಲಿ ಸ್ಯಾಕ್ರಮೆಂಟೊಗೆ ಬಂದು ಆಡಿದನಲ್ಲ, ಅವತ್ತು ನೀವು ಯಾರ ಕಡೆ ಇದ್ದಿರಿ?

ನೇರಳೆದೀಪ:

@ಐದು_ಉಂಗುರ, ಆ ಆಟ ನೋಡಿದೆ. ಫಾಕ್ಸ್ ಎಸೆದದ್ದೆಲ್ಲ ಒಳಗೆ ಬೀಳಲಿ, ಕಿಂಗ್ಸ್ ಒಂದು ಪಾಯಿಂಟ್‌ನಲ್ಲಿ ಗೆಲ್ಲಲಿ ಅಂತ ಕೂತಿದ್ದೆ. ಇದು ಪಾಸಾ, ಫೇಲಾ?

@ಬೆನ್ನುಬಿದ್ದವ, ಹೊಸ ತಂಡದಲ್ಲಿ ಉಳಿದವರ ಹೆಸರು ಕಲಿಯೋಕೆ ಎಷ್ಟು ದಿನ ಹಿಡೀತು? ನಾನು ಸ್ಪರ್ಸ್ ಆಟ ಹಾಕಿದರೆ ವೆಂಬನ್ಯಾಮಾ ಬಿಟ್ಟು ಮಿಕ್ಕವರೆಲ್ಲ ಮದುವೆ ಮನೆಯ ನೆಂಟರ ಹಾಗೆ ಕಾಣುತ್ತಾರೆ. ಮುಖ ಎಲ್ಲೋ ನೋಡಿದ ಹಾಗಿದೆ, ಯಾರು ಅಂತ ಗೊತ್ತಾಗಲ್ಲ.

ಹಸಿರು_ಹಳದಿ:

ಈ ಚರ್ಚೆಯಲ್ಲಿ ನನ್ನದೇ ಹಳೇ ಗಾಯ ಅನ್ನಿಸುತ್ತೆ. ನಿಮ್ಮ ಆಟಗಾರ ಹೋದ. ನನ್ನ ತಂಡವೇ ಹೋಯಿತು.

1996ರಲ್ಲಿ ಸಿಯಾಟಲ್ ಸೂಪರ್‌ಸಾನಿಕ್ಸ್ ಫೈನಲ್‌ಗೆ ಬಂದಿತ್ತು. ಆ ಕಡೆ ಮೈಕೆಲ್ ಜೋರ್ಡನ್‌ನ ಶಿಕಾಗೊ ಬುಲ್ಸ್. ಲೋಕವೆಲ್ಲ ಜೋರ್ಡನ್ ಅನ್ನುತ್ತಿತ್ತು. ನನಗೆ ಆಗ ಹದಿನೈದು. ಎಲ್ಲರೂ ಹೌದು ಅಂದರೆ ಅಲ್ಲ ಅನ್ನುವ ವಯಸ್ಸು. ಗ್ಯಾರಿ ಪೇಟನ್ ಬಾಯಿ ಬಡಿದುಕೊಳ್ಳುತ್ತಲೇ ಜೋರ್ಡನ್‌ಗೆ ಅಡ್ಡ ನಿಲ್ಲುತ್ತಿದ್ದ, ಶಾನ್ ಕೆಂಪ್ ಮೇಲಿಂದ ಬಂದು ಬಳೆ ಅಲ್ಲಾಡಿಸುತ್ತಿದ್ದ. 4-2ರಲ್ಲಿ ಸೋತರು. ನಾನು ಸೋತವರ ಪಾಲಾದೆ.

2003ರಲ್ಲಿ ಪೇಟನ್‌ನನ್ನು ಮಿಲ್ವಾಕಿಗೆ ಕಳಿಸಿದರು. ಈಗ ನೀವು ಕೇಳುತ್ತಿರುವ ಪ್ರಶ್ನೆಯನ್ನೇ ಆಗ ನಾನೂ ಕೇಳಿಕೊಂಡೆ. ತಂಡದ ಜೊತೆಗೇ ಇರುತ್ತೇನೆ ಅಂತ ದೊಡ್ಡದಾಗಿ ತೀರ್ಮಾನಿಸಿದೆ. ಜನ ಬರ್ತಾರೆ ಹೋಗ್ತಾರೆ, ತಂಡ ಎಲ್ಲಿಗೆ ಹೋಗುತ್ತೆ?

ಒಕ್ಲಹೋಮಾ ಸಿಟಿಗೆ ಹೋಯಿತು. 2008ರಲ್ಲಿ. ಹೊಸ ಮಾಲೀಕರು ಆ ಊರಿನವರು. ಸಿಯಾಟಲ್‌ನಲ್ಲಿ ಕೊನೆಯ ಆಟ ಡಲ್ಲಾಸ್ ವಿರುದ್ಧ. ಗೆದ್ದರು ಕೂಡ. ಕೆವಿನ್ ಡ್ಯೂರಾಂಟ್ ಆಗ ಮೊದಲ ವರ್ಷದ ಹುಡುಗ, ಇನ್ನೂ ಜೋರಾಗಿ ಕೂಗಿ ಅಂತ ಕೈ ಎತ್ತಿ ಜನರನ್ನು ಹುರಿದುಂಬಿಸುತ್ತಿದ್ದ. ಹೆಸರು ಮತ್ತು ಹಸಿರು-ಹಳದಿ ಬಣ್ಣ ಸಿಯಾಟಲ್‌ಗೇ ಉಳಿದವು. ಆಟಗಾರರು ಹೋದರು. ಮನೆ ಖಾಲಿ ಮಾಡಿದವರು ನಾಮಫಲಕ ಬಿಟ್ಟು ಹೋದ ಹಾಗೆ.

ನೇರಳೆದೀಪ ಅವರೇ, ಈಗ ನಿಮಗೆ ಒಂದು ತಪ್ಪೊಪ್ಪಿಗೆ. 2013ರ ಜನವರಿಯಲ್ಲಿ ಕಿಂಗ್ಸ್ ಮಾಲೀಕರು ತಂಡವನ್ನು ಸಿಯಾಟಲ್‌ನ ಗುಂಪಿಗೆ ಮಾರಲು ಒಪ್ಪಿಕೊಂಡಿದ್ದರು. ಸಾನಿಕ್ಸ್ ಅಂತ ಹೆಸರಿಟ್ಟು ಅಲ್ಲೇ ಆಡಿಸುವುದು ಅಂತ. ನಾನು ಕುಣಿದಾಡಿದೆ. ಕಿಂಗ್ಸ್ ಆಟಗಾರರ ಹೆಸರೆಲ್ಲ ಕಲಿತೆ, ನನ್ನವರು ಅಂತಲೇ ನೋಡತೊಡಗಿದೆ. ಒಂದು ದಿನ ಸ್ಯಾಕ್ರಮೆಂಟೊದ ಆಟ ಹಾಕಿದೆ. ಜನ ಹಸುವಿನ ಗಂಟೆ ಬಾರಿಸುತ್ತಾ, 'ಹೋಗಬೇಡಿ' ಅಂತ ಬರೆದ ರಟ್ಟು ಹಿಡಿದು ಕೂತಿದ್ದರು. ಐದು ವರ್ಷದ ಹಿಂದೆ ಸಿಯಾಟಲ್‌ನಲ್ಲಿ ಕಂಡ ಮುಖಗಳೇ ಅವು. ಟಿವಿ ಆರಿಸಿಬಿಟ್ಟೆ. ಮೇ ತಿಂಗಳಲ್ಲಿ ಲೀಗ್‌ನ ತಂಡಗಳ ಮಾಲೀಕರೆಲ್ಲ ಮತ ಹಾಕಿ 22-8ರಲ್ಲಿ ಸ್ಥಳಾಂತರ ಬೇಡ ಅಂದರು. ನನಗೆ ಬೇಜಾರಾಯಿತು, ನಿರಾಳವೂ ಆಯಿತು. ಯಾವುದು ಜಾಸ್ತಿ ಅಂತ ಕೇಳಬೇಡಿ.

ಹಾಗಾದರೆ ಈಗ ಏನು ನೋಡುತ್ತೀರಿ ಅಂತೀರಾ? ಸಿಯಾಟಲ್ ಸ್ಟಾರ್ಮ್. ಮಹಿಳೆಯರ ತಂಡ. ಸಾನಿಕ್ಸ್ ಮಾಲೀಕರದ್ದೇ ಅದೂ ಆಗಿತ್ತು, ಅದನ್ನೂ ಕಟ್ಟಿಕೊಂಡು ಹೋಗುತ್ತಾರೆ ಅಂತ ಭಯವಿತ್ತು. 2008ರಲ್ಲಿ ಆ ಊರಿನ ಕೆಲವು ಹೆಂಗಸರು ಸೇರಿ ತಂಡವನ್ನು ಕೊಂಡುಕೊಂಡು ಉಳಿಸಿಕೊಂಡರು. ಗಂಡಸರ ತಂಡ ಹೋದ ಮೇಲೆ ಬರೀ ಹಟಕ್ಕೆ ಇವರ ಆಟ ಹಾಕಿದೆ. ಸೂ ಬರ್ಡ್ ಪಾಸ್ ಕೊಡುವುದನ್ನು ಒಂದು ಸಂಜೆ ನೋಡಿದೆ, ಹಟ ಮರೆತುಹೋಯಿತು. ತಲೆ ಒಂದು ಕಡೆ, ಚೆಂಡು ಇನ್ನೊಂದು ಕಡೆ. 2002ರಲ್ಲಿ ಬಂದವಳು 2022ರಲ್ಲಿ ನಿವೃತ್ತಿಯಾಗುವ ತನಕ ಆ ಲೀಗ್‌ನಲ್ಲಿ ಬೇರೆ ತಂಡಕ್ಕೆ ಆಡಲಿಲ್ಲ. ನಾಲ್ಕು ಚಾಂಪಿಯನ್‌ಶಿಪ್. ಸಾನಿಕ್ಸ್ ಗೆದ್ದಿದ್ದು ಒಂದೇ, 1979ರಲ್ಲಿ, ನಾನು ಹುಟ್ಟುವ ಮೊದಲು.

ಆದ್ದರಿಂದ ನನ್ನ ಸಲಹೆ: ತೀರ್ಮಾನ ಮಾಡಬೇಡಿ. ನಾನು ಮಾಡಿದ ತೀರ್ಮಾನವನ್ನು ಬೇರೆ ಯಾರೋ ಕಾಗದಕ್ಕೆ ಸಹಿ ಹಾಕಿ ಮುಗಿಸಿದರು.

@ಬೆನ್ನುಬಿದ್ದವ, 2025ರ ಫೈನಲ್ ನಾನೂ ನೋಡಿದೆ. ನೀವು ಹ್ಯಾಲಿಬರ್ಟನ್ ಗೆಲ್ಲಲಿ ಅಂತ, ನಾನು ಒಕ್ಲಹೋಮಾ ಸಿಟಿ ಸೋಲಲಿ ಅಂತ. ಇಬ್ಬರದ್ದೂ ಆಗಲಿಲ್ಲ.

ಬೆನ್ನುಬಿದ್ದವ:

ಏಳನೇ ಆಟ ನೆನಪಿಸಬೇಡಿ. ಮೊದಲ ಕಾಲು ಭಾಗದಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ನರ ಹರಿದುಕೊಂಡು ಬಿದ್ದ. ನೆಲಕ್ಕೆ ಕೈ ಬಡಿಯುತ್ತಿದ್ದ. 2025-26ರ ಸೀಸನ್ ಪೂರ್ತಿ ಅವನು ಆಡುವುದಿಲ್ಲ ಅಂತ ತಂಡದವರು ಬೇಸಿಗೆಯಲ್ಲೇ ಹೇಳಿಬಿಟ್ಟರು.

ಇನ್ನು ನೇರಳೆದೀಪ ಕೇಳಿದ್ದಕ್ಕೆ. ಹೆಸರು ಕಲಿಯೋಕೆ ಒಂದು ಸೀಸನ್ ಹಿಡೀತು. ಈಗ ಎಲ್ಲರೂ ಗೊತ್ತು. ನೆಂಹಾರ್ಡ್, ನೆಸ್ಮಿತ್, ಮೆಕಾನಲ್. ಮೆಕಾನಲ್ ಎದುರಾಳಿ ಗೆರೆಯಾಚೆಯಿಂದ ಒಳಗೆಸೆಯುವ ಇನ್‌ಬೌಂಡ್ ಪಾಸ್ ಕದಿಯೋದನ್ನು ನೋಡೋಕೆ ಅಂತಲೇ ಆಟ ಹಾಕುತ್ತೇನೆ.

ಹೌದು, ಗೊತ್ತಾಯಿತು. ಆಟಗಾರನ ಹಿಂದೆ ಹೋದವನು ಈಗ ಆ ಆಟಗಾರನೇ ಇಲ್ಲದ ತಂಡವನ್ನು ನೋಡುತ್ತಾ ಕೂತಿದ್ದೇನೆ. ನಗಬೇಡಿ.

ಐದು_ಉಂಗುರ:

ನಕ್ಕಾಯಿತು.

ನೇರಳೆದೀಪ:

ಎಲ್ಲರಿಗೂ ಥ್ಯಾಂಕ್ಸ್. @ಹಸಿರು_ಹಳದಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. 2013ರಲ್ಲಿ ನನ್ನ ತಂಡವನ್ನು ಕದಿಯಲು ಹೊರಟಿದ್ದಕ್ಕೆ ಕ್ಷಮಿಸಿದ್ದೇನೆ. ಸ್ಟಾರ್ಮ್ ಆಟ ಎಲ್ಲಿಂದ ಶುರು ಮಾಡಲಿ, ಹಳೆಯ ಯಾವುದಾದರೂ ಸರಣಿ ಹೇಳಿ. ಮಹಿಳೆಯರ ಲೀಗ್ ಬೇಸಿಗೆಯಲ್ಲಿ ಅಲ್ವಾ, ಕಿಂಗ್ಸ್ ರಜೆಯಲ್ಲಿರುವಾಗ ನನಗೂ ಏನಾದರೂ ಬೇಕು.

ತೀರ್ಮಾನ ಮಾಡಿಲ್ಲ. ಮೊನ್ನೆ ಕಿಂಗ್ಸ್ ಪೂರ್ವದ ಕಡೆ ಆಡಲು ಹೋಗಿದ್ದರು. ಕತ್ತಲಲ್ಲಿ ಅಲಾರಂ ಬಡೀತು, ಪರದೆ ಮೇಲೆ 'ಫಾಕ್ಸ್' ಅಂತ ಬಂತು. ಎದ್ದು ಕೂತು ಕಿಂಗ್ಸ್ ಸೋಲುವುದನ್ನು ಪೂರ್ತಿ ನೋಡಿದೆ. ಆಮೇಲೆ ಸ್ಪರ್ಸ್ ಸ್ಕೋರ್ ತೆಗೆದು ಫಾಕ್ಸ್ ಎಷ್ಟು ಹೊಡೆದ ಅಂತ ನೋಡಿ ಮಲಗಿದೆ.