ಪ್ರಯಾರಿಟಿ ಪಾಸ್ ಇದ್ದರೆ ಲೌಂಜ್ ಬಾಗಿಲಲ್ಲಿ ಏನು ತೋರಿಸಬೇಕು?

ಪ್ರಶ್ನೆ: ಪ್ರೀಮಿಯಂ ಕ್ರೆಡಿಟ್ ಕಾರ್ಡ್ ಜೊತೆ ಪ್ರಯಾರಿಟಿ ಪಾಸ್ (ವಿಮಾನ ನಿಲ್ದಾಣದ ಲೌಂಜ್‌ಗಳಿಗೆ, ಅಂದರೆ ವಿಶ್ರಾಂತಿ ಕೋಣೆಗಳಿಗೆ, ಪ್ರವೇಶ ಕೊಡುವ ಸದಸ್ಯತ್ವ) ಬಂದಿದೆ. ಲೌಂಜ್‌ನಲ್ಲಿ ಯಾವುದನ್ನು ಕೊಡಬೇಕು? ಜೊತೆಯಲ್ಲಿ ಬರುವವರಿಗೂ ಪುಕ್ಕಟೆಯೇ?

ಉತ್ತರ 1: ಪಾಸನ್ನೇ ಕೊಡಿ, ಜೊತೆಗೆ ಅದೇ ದಿನದ ಬೋರ್ಡಿಂಗ್ ಪಾಸ್. ಸದಸ್ಯತ್ವವನ್ನು ಮೊದಲೇ ಸಕ್ರಿಯ ಮಾಡಿಕೊಂಡಿರಬೇಕು. ಬಾಗಿಲಲ್ಲಿ ನಿಂತು ಮಾಡಲು ಹೋದರೆ ಒಟಿಪಿ ಬಾರದೆ ಒದ್ದಾಟ. ಪ್ರಯಾರಿಟಿ ಪಾಸ್ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸಿಗುತ್ತದೆ.

ಉತ್ತರ 2: ಅತಿಥಿಗಳ ಲೆಕ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಷರತ್ತು ಓದಿಕೊಳ್ಳಿ. ಸಹಿ ಹಾಕುವ ಮುಂಚೆ ಲೌಂಜ್‌ನವರು ಕೊಡುವ ಸ್ಲಿಪ್‌ನಲ್ಲಿ ಅತಿಥಿಗಳ ಸಂಖ್ಯೆ ನೋಡಿ. 0 ಇರಬೇಕಾದ ಕಡೆ 1 ಬಿದ್ದಿದ್ದರೆ ಅದರ ಶುಲ್ಕ ಮುಂದೆ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲೇ ಗೊತ್ತಾಗೋದು. ಸ್ಲಿಪ್‌ನ ಫೋಟೊ ಇಟ್ಟುಕೊಳ್ಳಿ.

ಉತ್ತರ 3: ಲೌಂಜ್ ಯಾವ ಟರ್ಮಿನಲ್‌ನಲ್ಲಿದೆ, ಸೆಕ್ಯೂರಿಟಿ ದಾಟಿದ ಮೇಲೋ ಮುಂಚೆಯೋ ನೋಡಿ. ಬಹಳ ಕಡೆ ವಿಮಾನಕ್ಕೆ 3 ಗಂಟೆಗಿಂತ ಹೆಚ್ಚು ಮುಂಚೆ ಹೋದರೆ ಒಳಗೆ ಬಿಡಲ್ಲ. ಭರ್ತಿಯಾಗಿದ್ದರೆ ಪಾಸ್ ಇದ್ದರೂ ವಾಪಸ್ ಕಳಿಸ್ತಾರೆ. ಎಷ್ಟೋ ಲೌಂಜ್‌ಗಳಲ್ಲಿ ಬೋರ್ಡಿಂಗ್ ಘೋಷಣೆಯೂ ಇರಲ್ಲ, ಅಲಾರಂ ಇಟ್ಟುಕೊಳ್ಳಿ.