ಪದಚರ್ಚೆ: ‘ಫಜ್ ಪೆಡಲ್’, ‘ಕ್ಲಿಪ್ಪಿಂಗ್’, ‘ಬಯಾಸ್’ – ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಬಲ್ಲವರಿಗೆಲ್ಲ ನಮಸ್ಕಾರ.

ಗಿಟಾರಿಗೆ ಜೋಡಿಸಿ ಕಾಲಿನಿಂದ ಒತ್ತಿದರೆ ಅದರ ದನಿಯನ್ನು ಒಡೆದು ಒರಟಾಗಿಸುವ ಸರಳವಾದ ಫಜ್ ಪೆಡಲೊಂದನ್ನು ಕೈಯಾರೆ ಕಟ್ಟುವುದು ಹೇಗೆಂದು ಹೊಸಬರಿಗೆ ತಿಳಿಸುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಸಿಲಿಕಾನ್ ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ದನಿಯನ್ನು ಹೊಂದಿಸುವ ಎರಡು ತಿರುಪು, 9 ವೋಲ್ಟಿನ ಒಂದು ಬ್ಯಾಟರಿ, ಇವಿಷ್ಟರಲ್ಲಿ ಕೆಲಸ ಮುಗಿಯುತ್ತದೆ. ನಾಳೆ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ಡಬ್ಬಿಯ ಮೇಲೆ ಅಂಟಿಸುವ ಹೆಸರಿನ ಚೀಟಿಯೂ ಅವುಗಳ ಜೊತೆಗೇ ಅಚ್ಚಾಗಬೇಕು. ಆದರೆ ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು ಸಾಧನದ ಹೆಸರೇ ಆದ ‘ಫಜ್ ಪೆಡಲ್’. ಎರಡನೆಯದು, ಗಿಟಾರಿನಿಂದ ಬರುವ ವಿದ್ಯುತ್ ಸಂಕೇತದ ಅಲೆಯ ಮೇಲುತುದಿ ಮತ್ತು ಕೆಳತುದಿಗಳು ಇಲ್ಲವಾಗುವ ‘ಕ್ಲಿಪ್ಪಿಂಗ್’. ಮೂರನೆಯದು, ಟ್ರಾನ್ಸಿಸ್ಟರಿಗೆ ಮೊದಲೇ ಕೊಟ್ಟಿಡುವ ವೋಲ್ಟೇಜಾದ ‘ಬಯಾಸ್’. ನಿಘಂಟನ್ನು ನೋಡಿ ಕೊನೆಯದಕ್ಕೆ ‘ಪಕ್ಷಪಾತ ವೋಲ್ಟೇಜು’ ಎಂದು ಬರೆದಿದ್ದೆ. ಮರುದಿನ ಓದಿದಾಗ ನನಗೇ ಅರ್ಥವಾಗಲಿಲ್ಲ. ದಯವಿಟ್ಟು ನೆರವಾಗಿ.

ಮರುನುಡಿ 1

ಕನ್ನಡದಲ್ಲಿ ಧಾತುಗಳಿಗೆ ಬರವಿಲ್ಲ. ‘ಉಡುಗೆ’, ‘ತೊಡುಗೆ’ಗಳ ಹಾದಿಯಲ್ಲಿ ‘ತುಳಿ’ಯಿಂದ ‘ತುಳಿಗೆ’ ಸಹಜವಾಗಿ ಆಗುತ್ತದೆ. ಇಂಗ್ಲಿಷಿನ ‘ಫಜ್’ ಎಂದರೆ ಬಟ್ಟೆಯ ಮೇಲೆ ಏಳುವ ಸಣ್ಣ ಕೂದಲಿನಂಥ ಎಳೆ; ಕನ್ನಡದಲ್ಲಿ ಅದು ‘ನವಿರು’. ಆದ್ದರಿಂದ ‘ನವಿರುತುಳಿಗೆ’. ಕ್ಲಿಪ್ಪಿಂಗಿಗೆ ‘ತುದಿಗಡಿತ’ ಎನ್ನಿ. ‘ತರಂಗಗಡಿತ’ ಎಂದು ಯಾರೂ ಸೂಚಿಸದಿರಲಿ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆಯುವ ಅರಿಸಮಾಸಗಳನ್ನು ಹೊಸದಾಗಿ ಹುಟ್ಟಿಸುವ ಅಗತ್ಯವಿಲ್ಲ. ಬಯಾಸಿಗೆ ‘ಒಲವು’ ಸಾಕು. ಇದರಲ್ಲಿ ಚರ್ಚಿಸುವಂಥದ್ದು ಬೇರೇನೂ ಇಲ್ಲ.

ಮರುನುಡಿ 2

‘ಪೆಡಲ್’ ಲ್ಯಾಟಿನ್ನಿನಲ್ಲಿ ಪಾದವನ್ನು ಹೇಳುವ ಶಬ್ದದಿಂದ ಬಂದದ್ದು. ಆ ಶಬ್ದವೂ ಸಂಸ್ಕೃತದ ‘ಪಾದ’ವೂ ಒಂದೇ ಮೂಲದವು. ಅಂದ ಮೇಲೆ ‘ಪಾದಯಂತ್ರ’ ಎನ್ನುವುದರಲ್ಲಿ ಪರಕೀಯವಾದದ್ದೇನಿದೆ? ‘ಫಜ್’ಗೆ ‘ಅಸ್ಪಷ್ಟನಾದ’ ಹೊಂದುತ್ತದೆ. ‘ತುಳಿಗೆ’ಯನ್ನು ಯಾರೂ ಬಳಸುವುದಿಲ್ಲ.

ಮರುನುಡಿ 3

ಕೈಪಿಡಿಯವರೇ, ಇಂಥ ಡಬ್ಬಿಗಳನ್ನು ಕಟ್ಟಿದ, ಕಟ್ಟಿ ಕೆಡಿಸಿಯೂ ಇರುವ ಅನುಭವದಿಂದ ಹೇಳುತ್ತಿದ್ದೇನೆ. ಮೇಲಿನ ಇಬ್ಬರೂ ಇಂಗ್ಲಿಷ್ ಶಬ್ದವನ್ನು ನೋಡಿದ್ದಾರೆಯೇ ಹೊರತು ಆ ನಾದವನ್ನು ಕಿವಿಯಲ್ಲಿ ಇಟ್ಟುಕೊಂಡಿಲ್ಲ.

‘ನವಿರು’ ಹಳಗನ್ನಡದಲ್ಲಿ ಕೂದಲು ಎಂಬ ಅರ್ಥದಲ್ಲಿ ಇರುವುದು ನಿಜ. ಇಂದಿನ ಓದುಗನಿಗೆ ಮಾತ್ರ ಅದು ಹೇಳುವುದು ನಯವನ್ನು, ಮೃದುತನವನ್ನು. ‘ನವಿರಾದ ಹಾಸ್ಯ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಅದೇ. ಫಜ್ ನಾದ ಇದಕ್ಕೆ ನೇರ ವಿರುದ್ಧವಾದದ್ದು. ಇಂಗ್ಲಿಷಿನವರು ಆ ನಾದವನ್ನು ನೂಲಿನ ಎಳೆಗೆ ಹೋಲಿಸಿದರೆಂದು ನಾವೂ ಹೋಲಿಸಬೇಕಾಗಿಲ್ಲ. ಹಾಗೆ ಮಾಡಿದರೆ ವಸ್ತುವನ್ನು ಬಿಟ್ಟು ಉಪಮೆಯನ್ನು ಅನುವಾದಿಸಿದಂತಾಗುತ್ತದೆ. ‘ಅಸ್ಪಷ್ಟನಾದ’ವೂ ತಪ್ಪು, ಏಕೆಂದರೆ ಅಲೆಯ ತುದಿ ಚಪ್ಪಟೆಯಾಗಿ ಅದು ಚೌಕದ ಆಕಾರಕ್ಕೆ ಹತ್ತಿರವಾದಾಗ ಮೂಲ ಕಂಪನದ 3, 5, 7 ಪಟ್ಟಿನ ಮೇಲುಸ್ವರಗಳು ಹೊಸದಾಗಿ ಸೇರಿಕೊಂಡು ನಾದ ಇನ್ನಷ್ಟು ಮೊನಚಾಗುತ್ತದೆ. ಯಾರಾದರೂ ‘ಅಪಸ್ವರ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಮೂಲ ಸ್ವರ ಇದ್ದಲ್ಲೇ ಇರುತ್ತದೆ, ಶ್ರುತಿ ಕದಲುವುದಿಲ್ಲ. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ನೂಲಿಟ್ಟು ಪಡೆಯುವ ಜೀವಾಳಿಯ ಝೇಂಕಾರ ಕಿವಿಗೆ ಇದರ ದೂರದ ನೆಂಟನಂತೆ ಕೇಳಿಸಿದರೂ ಆ ಪದಕ್ಕೆ ತನ್ನದೇ ಕೆಲಸವಿದೆ. ಅದನ್ನು ಇಲ್ಲಿಗೆ ಎಳೆದು ತರಬಾರದು.

ಈ ನಾದಕ್ಕೆ ಕನ್ನಡದಲ್ಲಿ ಹತ್ತಿರದ ಮಾತು ‘ಒಡಕು’ ಅಥವಾ ‘ಸೀಳು’ ಎಂದು ನನಗೆ ತೋರುತ್ತದೆ. ಸ್ಪೀಕರಿಗೆ ಮಿತಿಮೀರಿ ದನಿ ಕೊಟ್ಟಾಗ ‘ದನಿ ಒಡೆಯುತ್ತಿದೆ’ ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಈ ನಾದದ ಹುಟ್ಟೂ ಅಂಥ ಕೆಡುಕಿನಿಂದಲೇ ಆದದ್ದು. ಅಮೆರಿಕದ ನ್ಯಾಶ್‌ವಿಲ್‌ನ ಧ್ವನಿಮುದ್ರಣವೊಂದರಲ್ಲಿ ಮಿಶ್ರಣ ಯಂತ್ರದ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟು ವಾದ್ಯದ ದನಿ ಒಡೆದು ಬಂತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಬೇಕೆಂದಾಗ ಹೊರಡಿಸುವ ಸರ್ಕಿಟ್ಟನ್ನು ರೂಪಿಸಲು ತೊಡಗಿದರು, ಅದು 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 1964ರಲ್ಲಿ ಇಂಗ್ಲೆಂಡಿನ ದ ಕಿಂಕ್ಸ್ ಎಂಬ ರಾಕ್ ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ಇಂಥದೇ ದನಿಗಾಗಿ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದರು. ಸೀಳಿದ್ದರಿಂದ ಹುಟ್ಟಿದ ದನಿಯನ್ನು ‘ಸೀಳುದನಿ’ ಎಂದರೆ ವಿವರಣೆಯೂ ಬೇಡ. ಇನ್ನು ವ್ಯಾಕರಣದ ಮಾತು: ‘ದನಿ’ ತದ್ಭವವಾದ್ದರಿಂದ ಮೊದಲ ಮರುನುಡಿಯವರ ಅರಿಸಮಾಸದ ಆಕ್ಷೇಪಕ್ಕೂ ಇಲ್ಲಿ ಎಡೆಯಿಲ್ಲ.

‘ತುದಿಗಡಿತ’ವನ್ನು ಒಪ್ಪುತ್ತೇನೆ, ಆದರೆ ನಾಮಪದವಾಗಿ ಮಾತ್ರ. ‘ಕಡಿ’ ಸಕರ್ಮಕ, ಕಡಿಯುವವನೊಬ್ಬ ಬೇಕು. ನಿಮ್ಮ ಸರ್ಕಿಟ್ಟಿನಲ್ಲಿ ಕಡಿಯುವವರು ಯಾರೂ ಇಲ್ಲ. ಟ್ರಾನ್ಸಿಸ್ಟರು ಅಲೆಯನ್ನು ಎಷ್ಟು ಹಿಗ್ಗಿಸಲು ಹೋದರೂ ಮೇಲೆ ಬ್ಯಾಟರಿಯ 9 ವೋಲ್ಟನ್ನು ದಾಟಲಾರದು, ಕೆಳಗೆ ಹೆಚ್ಚುಕಡಿಮೆ ಸೊನ್ನೆಗಿಂತ ಇಳಿಯಲಾರದು. ಅಟ್ಟಕ್ಕೆ ತಲೆ ತಾಗಿದಂತೆ ಅಲೆ ಅಲ್ಲಿ ಚಪ್ಪಟೆಯಾಗುತ್ತದೆ. ಆದ್ದರಿಂದ ವಿವರಣೆಯಲ್ಲಿ ‘ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ’ ಎಂಬ ಅಕರ್ಮಕ ರೂಪವನ್ನೇ ಬಳಸಿ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನು ಅಡ್ಡ ಹಾಕಿ ಅಲೆಯನ್ನು ತಡೆಯುವ ಸರ್ಕಿಟ್ಟುಗಳಿಗೆ ‘ಕಡಿ’ ಎಂಬ ಧಾತು ಚೆನ್ನಾಗಿ ಒಪ್ಪುತ್ತದೆ. ‘ಸವರು’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಗಿಡದ ತುದಿ ಸವರುವುದು ಬೇರೆ, ಮಗುವಿನ ತಲೆ ಸವರುವುದು ಬೇರೆ.

ಬಯಾಸ್ ಎಂದರೆ ತಂತಿಯನ್ನು ಮೀಟದೆ ಇರುವಾಗ ಟ್ರಾನ್ಸಿಸ್ಟರಿನ ಕಾಲುಗಳಲ್ಲಿ ವೋಲ್ಟೇಜು ಎಲ್ಲಿ ನಿಂತಿರಬೇಕು ಎಂಬ ಏರ್ಪಾಡು. ನಿಮ್ಮ ಸರ್ಕಿಟ್ಟಿನಲ್ಲಿ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಲ್ಲಿ ಅದು ಸುಮಾರು 4.5 ವೋಲ್ಟ್ ಇದ್ದರೆ ಅಲೆಗೆ ಮೇಲೂ ಕೆಳಗೂ ಸಮನಾದ ಜಾಗ ಸಿಗುತ್ತದೆ. ತೀರ ಆಚೀಚೆ ಆದರೆ ನಾದ ಕೊನೆಯಲ್ಲಿ ತೊದಲಿ ತಟ್ಟನೆ ನಿಂತುಬಿಡುತ್ತದೆ. ‘ಒಲವನ್ನು 4.5 ವೋಲ್ಟಿಗೆ ತನ್ನಿ’ ಎಂದರೆ ಹೊಸಬನ ಕೈಗೆ ಏನೂ ಸಿಗುವುದಿಲ್ಲ. ‘ನೆಲೆಮಟ್ಟವನ್ನು 4.5 ವೋಲ್ಟಿಗೆ ತನ್ನಿ’ ಎಂದರೆ ಮೀಟರಿನ ಕಡ್ಡಿಯನ್ನು ಎಲ್ಲಿ ಇಟ್ಟು ಏನನ್ನು ನೋಡಬೇಕೆಂದು ಅವನಿಗೆ ಹೊಳೆಯುತ್ತದೆ.

ಬಿಡಿಭಾಗಗಳ ಹೆಸರುಗಳನ್ನು ಮಾತ್ರ ಮುಟ್ಟಬೇಡಿ. ಚಪ್ಪಟೆ ಮುಖ ನಮ್ಮತ್ತ ಇದ್ದಾಗ ಬಿಸಿ547 (BC547) ಎಂಬ ಟ್ರಾನ್ಸಿಸ್ಟರಿನ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಎಂದಿದ್ದರೆ 2ಎನ್3904 (2N3904) ಎಂಬುದರಲ್ಲಿ ಅದೇ ಕ್ರಮ ತಿರುವುಮುರುವಾಗಿದೆ. ಇದನ್ನು ಹೊಸಬ ಮಾಹಿತಿಪತ್ರದಲ್ಲಿ ಹೋಲಿಸಿ ನೋಡಿಯೇ ಬೆಸುಗೆ ಹಾಕಬೇಕು. ಅಲ್ಲಿ ‘ಸಂಗ್ರಾಹಕ’, ‘ಉತ್ಸರ್ಜಕ’ ಎಂದು ಬರೆದರೆ ಅವನು ಕಾಲನ್ನು ತಪ್ಪಾಗಿ ಜೋಡಿಸುತ್ತಾನೆ, ತಪ್ಪು ನಮ್ಮದಾಗುತ್ತದೆ. ಕೊಳ್ಳಬೇಕಾದ ವಸ್ತುವಿಗೆ ಬಂದ ಹೆಸರೇ ಇರಲಿ. ಆ ವಸ್ತು ಏನು ಮಾಡುತ್ತದೆ ಎಂಬುದನ್ನು ಕನ್ನಡದ ಕ್ರಿಯಾಪದ ಹೇಳಲಿ. ಈ ಲೆಕ್ಕದಲ್ಲಿ ಡಬ್ಬಿಯ ಹೆಸರು ‘ಫಜ್ ಪೆಡಲು’, ಅದು ಹೊರಡಿಸುವುದು ಸೀಳುದನಿ.

ಮರುನುಡಿ 4 (ಮೊದಲನೆಯವರಿಂದ)

‘ನವಿರು’ ಕುರಿತ ಆಕ್ಷೇಪವನ್ನು ಒಪ್ಪುತ್ತೇನೆ. ‘ತುಳಿಗೆ’ಯನ್ನು ಬಿಟ್ಟುಕೊಡುವುದಿಲ್ಲ. ಕೊಳ್ಳುವ ವಸ್ತುವಿಗೆಲ್ಲ ಬಂದ ಹೆಸರೇ ಇರಲೆಂದರೆ, ನಾಳೆ ಕೊಳ್ಳದ ವಸ್ತು ಯಾವುದು ಉಳಿದೀತು? ಕಡ ತರುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ತಂದದ್ದು ನಮ್ಮ ನುಡಿಯ ಒಕ್ಕಲಾಗಬೇಕು. ಹ್ರಸ್ವ ಸ್ವರದ ಮುಂದೆ ಕೊನೆಯ ವ್ಯಂಜನ ಇಮ್ಮಡಿಸಿ ಉಕಾರ ಸೇರುವುದು ಬಸ್ಸು, ಸ್ವಿಚ್ಚು ಎಂಬಲ್ಲಿ ಕಾಣುವ ರೂಢಿ. ಕಾರು ಎಂಬಲ್ಲಿ ಸ್ವರ ದೀರ್ಘವಾದ್ದರಿಂದ ಇಮ್ಮಡಿಸುವುದಿಲ್ಲ. ಆ ಪ್ರಕಾರ ‘ಫಜ್ಜು’, ‘ಫಜ್ಜಿನ’ ಎಂದಾಗಬೇಕು. ಅರ್ಧಾಕ್ಷರದಲ್ಲಿ ನಿಂತ ‘ಫಜ್’ಗೆ ವಿಭಕ್ತಿಯನ್ನು ಹೇಗೆ ಹಚ್ಚುತ್ತೀರಿ?

ಮರುನುಡಿ 5 (ಮೂರನೆಯವರಿಂದ)

‘ಫಜ್ಜು’ ಸರಿ, ನಾನು ಗಮನಿಸಿರಲಿಲ್ಲ. ‘ತುಳಿಗೆ’ ಒಳ್ಳೆಯ ಪದ, ಆದರೆ ನಾಳೆ ಸಂಜೆಯ ಅಚ್ಚಿಗೆ ಹೋಗುವ ಚೀಟಿಯ ಮೇಲೆ ಅದನ್ನು ಪರೀಕ್ಷಿಸಬೇಡಿ. ಒಳಪುಟದಲ್ಲಿ ಒಮ್ಮೆ ಪರಿಚಯಿಸಿ. ಓದುಗರು ಒಪ್ಪಿದರೆ ಅದು ತಾನಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞ. ಚೀಟಿಯ ಮೇಲೆ ‘ಫಜ್ಜು ಪೆಡಲು’ ಎಂದು ಹಾಕುತ್ತಿದ್ದೇನೆ. ತಿರುಪುಗಳಿಗೆ ‘ಸೀಳು’ ಮತ್ತು ‘ದನಿ’ ಎಂಬ ಹೆಸರು ಕೊಟ್ಟಿದ್ದೇನೆ. ಪೀಠಿಕೆಯ ವಾಕ್ಯ ಈಗ ಹೀಗಿದೆ: “ಗಿಟಾರಿನಿಂದ ಬರುವ ಸಣ್ಣ ಅಲೆಯನ್ನು ಈ ಎರಡು ಟ್ರಾನ್ಸಿಸ್ಟರುಗಳು ಹಿಗ್ಗಿಸುತ್ತವೆ, ಬ್ಯಾಟರಿಯ ಮಿತಿಯನ್ನು ಮುಟ್ಟಿದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಈ ತುದಿಗಡಿತದಿಂದ ಹುಟ್ಟುವ ಸೀಳುದನಿಯೇ ಫಜ್ಜು.” ಎರಡನೆಯ ಅಧ್ಯಾಯದ ಆರಂಭದಲ್ಲಿ ಕಾಲಿನಿಂದ ಒತ್ತುವ ಸ್ವಿಚ್ಚನ್ನು ವಿವರಿಸುವಾಗ ‘ತುಳಿಗೆ’ಯನ್ನು ಒಮ್ಮೆ ಬಳಸಿದ್ದೇನೆ. ಬಯಾಸ್ ಇದ್ದ ಏಳು ಕಡೆಯೂ ‘ನೆಲೆಮಟ್ಟ’ ಕೂತಿದೆ.